ಇಂಗ್ಲೆಂಡಿನಲ್ಲಿ ಕೌನ್ಸಿಲ್ ಮನೆ ಅದಲುಬದಲು ಮಾಡಿಕೊಳ್ಳುವುದು ಹೇಗೆ

ಇಂಗ್ಲೆಂಡಿನಲ್ಲಿ ಕೌನ್ಸಿಲ್ (ಸ್ಥಳೀಯ ಆಡಳಿತ) ಮನೆಯಲ್ಲೋ ಹೌಸಿಂಗ್ ಅಸೋಸಿಯೇಷನ್ (ಕಡಿಮೆ ಬಾಡಿಗೆಗೆ ಮನೆ ಕೊಡುವ ಸಂಸ್ಥೆ) ಮನೆಯಲ್ಲೋ ಬಾಡಿಗೆಗಿದ್ದೀರಿ. ಮಕ್ಕಳು ದೊಡ್ಡವರಾದರು, ಮನೆ ಸಾಲುತ್ತಿಲ್ಲ. ಅಥವಾ ಮಕ್ಕಳೆಲ್ಲ ಹೊರಟುಹೋದರು, ಮನೆ ಜಾಸ್ತಿಯಾಯಿತು. ಅಥವಾ ಕೆಲಸ ಒಂದು ಊರಲ್ಲಿ, ಮನೆ ಇನ್ನೊಂದು ಊರಲ್ಲಿ. ಕೌನ್ಸಿಲ್ಲಿಗೆ ಫೋನ್ ಮಾಡಿದರೆ ಟ್ರಾನ್ಸ್‌ಫರ್ ಪಟ್ಟಿಗೆ ಹೆಸರು ಕೊಡಿ ಅನ್ನುತ್ತಾರೆ. ಕೊಡಿ, ತಪ್ಪೇನಿಲ್ಲ. ಆದರೆ ಇಂಗ್ಲೆಂಡಿನ ಕೌನ್ಸಿಲ್‌ಗಳ ಮನೆ ಪಟ್ಟಿಗಳಲ್ಲಿ 13 ಲಕ್ಷಕ್ಕೂ ಹೆಚ್ಚು ಕುಟುಂಬಗಳು ಕಾದು ಕೂತಿವೆ. ಹೇಗಿದ್ದರೂ ತಲೆಯ ಮೇಲೆ ಸೂರಿರುವ ನಿಮ್ಮ ಸರದಿ ಬರಲು ವರ್ಷಗಳೇ ಹಿಡಿಯಬಹುದು.

ಇನ್ನೊಂದು ದಾರಿ ಇದೆ. ಅದರ ಹೆಸರು ಮ್ಯೂಚುಯಲ್ ಎಕ್ಸ್‌ಚೇಂಜ್. ನಿಮ್ಮ ಹಾಗೆಯೇ ಬಾಡಿಗೆಗಿರುವ ಇನ್ನೊಬ್ಬರನ್ನು ನೀವೇ ಹುಡುಕಿಕೊಂಡು, ಇಬ್ಬರೂ ಮನೆ ಅದಲುಬದಲು ಮಾಡಿಕೊಳ್ಳುವುದು. ನಮ್ಮ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಮಾಡಿಕೊಳ್ಳುವ ಪರಸ್ಪರ ವರ್ಗಾವಣೆ ಗೊತ್ತಲ್ವಾ, ರಾಯಚೂರಿನವರು ಹಾಸನಕ್ಕೆ, ಹಾಸನದವರು ರಾಯಚೂರಿಗೆ. ಹೆಚ್ಚುಕಮ್ಮಿ ಹಾಗೇ. ಜೋಡಿಯನ್ನು ನೀವೇ ಹುಡುಕಬೇಕು, ಒಪ್ಪಿಗೆಯನ್ನು ಮೇಲಿನವರು ಕೊಡಬೇಕು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಈ ಲೇಖನ ಬರೆಯಲು ಕಾರಣವೇ ಅದು. ಇಲ್ಲಿ ಬದಲಾಗುವುದು ನಾಲ್ಕು ಗೋಡೆ ಮಾತ್ರ ಅಲ್ಲ, ಬಾಡಿಗೆಯ ಕರಾರೂ ಬದಲಾಗುತ್ತದೆ. ಎದುರಿನವರ ಅಡುಗೆಮನೆ, ಹಿತ್ತಲು ನೋಡಿ ಮನಸೋತು, ಅವರ ಕರಾರು ಪತ್ರ ಓದದೆ ಸಹಿ ಹಾಕಿದವರು ಆಮೇಲೆ ಪರದಾಡುವುದನ್ನು ನೋಡಿದ್ದೇನೆ. ಅದಕ್ಕೇ ಮನೆ ನೋಡುವುದಕ್ಕೆ ಕೊಡುವಷ್ಟೇ ಹೊತ್ತನ್ನು ಕಾಗದ ನೋಡುವುದಕ್ಕೂ ಕೊಡಿ.

ಯಾರು ಮಾಡಿಕೊಳ್ಳಬಹುದು

ಕೌನ್ಸಿಲ್‌ನ ಸೆಕ್ಯೂರ್ ಟೆನೆಂಟ್ (ಸುಲಭಕ್ಕೆ ಬಿಡಿಸಲಾಗದ, ಭದ್ರ ಕರಾರಿನ ಬಾಡಿಗೆದಾರರು) ಆಗಿದ್ದರೆ ಇದು ನಿಮಗೆ ಕಾನೂನೇ ಕೊಟ್ಟಿರುವ ಹಕ್ಕು. 1985ರ ಹೌಸಿಂಗ್ ಆಕ್ಟ್‌ನ 92ನೇ ಸೆಕ್ಷನ್ ಅದನ್ನು ಹೇಳುತ್ತದೆ. ಲ್ಯಾಂಡ್‌ಲಾರ್ಡ್, ಅಂದರೆ ಮನೆ ಕೊಟ್ಟಿರುವ ಕೌನ್ಸಿಲ್ಲೋ ಅಸೋಸಿಯೇಷನ್ನೋ, ಲಿಖಿತ ಒಪ್ಪಿಗೆ ಕೊಡಬೇಕು. ಬೇಡ ಅನ್ನುವುದಾದರೆ ಕಾನೂನಿನಲ್ಲಿ ಪಟ್ಟಿ ಮಾಡಿರುವ ಕಾರಣಗಳಲ್ಲಿ ಒಂದನ್ನು ತೋರಿಸಿಯೇ ಬೇಡ ಅನ್ನಬೇಕು. ಹೌಸಿಂಗ್ ಅಸೋಸಿಯೇಷನ್‌ನ ಅಶ್ಯೂರ್ಡ್ ಟೆನೆಂಟ್‌ಗಳಿಗೆ (ಇದು ಸೆಕ್ಯೂರ್‌ಗಿಂತ ಬೇರೆ ಬಗೆಯ ಕರಾರು) ಈ ಹಕ್ಕು ಸಾಮಾನ್ಯವಾಗಿ ಕರಾರು ಪತ್ರದಿಂದಲೇ ಬರುತ್ತದೆ. ಹಾಗಾಗಿ ಪತ್ರ ತೆಗೆದು 'ಎಕ್ಸ್‌ಚೇಂಜ್' ಅನ್ನುವ ಮಾತು ಎಲ್ಲಿದೆ ಅಂತ ಹುಡುಕಿ.

ಮನೆ ಸಿಕ್ಕಿ ಇನ್ನೂ ಒಂದು ವರ್ಷ ಆಗಿಲ್ಲದವರು ತಡೆಯಬೇಕು. ಕೌನ್ಸಿಲ್‌ನಲ್ಲಿ ಅದನ್ನು ಇಂಟ್ರೊಡಕ್ಟರಿ ಟೆನೆನ್ಸಿ, ಅಸೋಸಿಯೇಷನ್‌ಗಳಲ್ಲಿ ಸ್ಟಾರ್ಟರ್ ಟೆನೆನ್ಸಿ ಅನ್ನುತ್ತಾರೆ. ಮೊದಲ 12 ತಿಂಗಳು ಒಂದು ಥರ ಪರೀಕ್ಷೆಯ ಕಾಲ, ಅದು ಮುಗಿಯುವ ತನಕ ಅದಲುಬದಲು ಇಲ್ಲ. ಖಾಸಗಿ ಮಾಲೀಕರ ಮನೆಯಲ್ಲಿ ಇರುವವರಿಗೂ ಇದು ಇಲ್ಲ. ಕೌನ್ಸಿಲ್ ತಾತ್ಕಾಲಿಕವಾಗಿ ಇರಿಸಿರುವ ಮನೆಗೂ ಇಲ್ಲ.

ಇಲ್ಲಿಗೆ ಕೆಲಸದ ವೀಸಾದಲ್ಲಿ ಬಂದಿರುವ ನಮ್ಮವರು ಈ ವಿಷಯ ತುಂಬಾ ಕೇಳುತ್ತಾರೆ. ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' ಅಂತ ಬರೆದಿರುತ್ತದೆ. ಆ ಷರತ್ತು ಇರುವ ತನಕ ಕೌನ್ಸಿಲ್ ಮನೆಯೇ ಸಿಗುವುದಿಲ್ಲ, ಅದಲುಬದಲಿನ ಮಾತು ದೂರ. ಇಂಡೆಫಿನಿಟ್ ಲೀವ್ (ಇಲ್ಲೇ ಖಾಯಂ ಆಗಿ ಇರುವ ಅನುಮತಿ) ಸಿಕ್ಕವರು, ಇಲ್ಲಿನ ಪೌರರಾದವರು, ಮೂವತ್ತು ನಲವತ್ತು ವರ್ಷದಿಂದ ಇಲ್ಲೇ ಇರುವ ಹಿರಿಯರು, ಇವರಿಗೆ ಈ ಬರಹ. ಹಿರಿಯರಿಗೆ ಫಾರ್ಮ್ ತುಂಬಿಕೊಡುವ ಮಕ್ಕಳಿಗೂ ಸೇರಿಸಿ.

ಮೊದಲು ನಿಮ್ಮ ಕಾಗದ ತೆಗೆಯಿರಿ

ಡ್ರಾಯರ್‌ನಲ್ಲೋ ಸೂಟ್‌ಕೇಸಿನಲ್ಲೋ ಇರುವ ಟೆನೆನ್ಸಿ ಅಗ್ರಿಮೆಂಟ್ ತೆಗೆದು ಐದು ವಿಷಯ ಗುರುತು ಹಾಕಿಕೊಳ್ಳಿ: ಟೆನೆನ್ಸಿ ಯಾವ ಬಗೆಯದು, ಶುರುವಾದ ತಾರೀಖು ಯಾವುದು, ಯಾರ ಯಾರ ಹೆಸರಿದೆ, ಬಾಡಿಗೆ ಸೋಶಿಯಲ್ ರೆಂಟೋ ಅಫೋರ್ಡಬಲ್ ರೆಂಟೋ (ವ್ಯತ್ಯಾಸ ಮುಂದೆ ಹೇಳಿದ್ದೇನೆ), ಸರ್ವಿಸ್ ಚಾರ್ಜ್ ಎಷ್ಟು. ಗಂಡ ಹೆಂಡತಿ ಇಬ್ಬರ ಹೆಸರೂ ಇದ್ದರೆ ಇಬ್ಬರೂ ಸಹಿ ಹಾಕಬೇಕು. ಒಬ್ಬರು ಊರಿಗೆ ಹೋಗಿ ತಿಂಗಳುಗಟ್ಟಲೆ ಇರುವ ಯೋಚನೆ ಇದ್ದರೆ ಮೊದಲೇ ಹೊಂದಿಸಿಕೊಳ್ಳಿ.

ಬಾಡಿಗೆ ಬಾಕಿ ಇದ್ದರೆ ಈಗಲೇ ತೀರಿಸುವ ದಾರಿ ನೋಡಿ. ಹಳೆಯ ಬಗೆಯ ಸೆಕ್ಯೂರ್ ಟೆನೆನ್ಸಿಗಳ ನಡುವೆ ಅದಲುಬದಲು ಆದರೆ, ಬಾಕಿ ಇದೆ ಅನ್ನುವ ಒಂದೇ ಕಾರಣಕ್ಕೆ ನಿರಾಕರಿಸುವ ಹಾಗಿಲ್ಲ. ಆದರೆ ಬಾಕಿ ಕಟ್ಟಿದ ಮೇಲೆ ಮಾತ್ರ ಒಪ್ಪಿಗೆ ಅಂತ ಷರತ್ತು ಹಾಕಬಹುದು. ಅವಧಿ ಗೊತ್ತುಮಾಡಿದ ಟೆನೆನ್ಸಿ ನಡುವೆ ಬಂದರೆ ನಿಯಮ ಇನ್ನೂ ಬಿಗಿ, ಅಲ್ಲಿ ಬಾಕಿ ಅನ್ನುವುದೇ ನಿರಾಕರಣೆಗೆ ಕಾರಣ ಆಗಬಹುದು. ಒಟ್ಟಿನಲ್ಲಿ ಖಾತೆ ಸರಿಯಿದ್ದರೆ ಅರ್ಧ ತಲೆನೋವು ಕಡಿಮೆ.

ಎಷ್ಟು ಕೋಣೆ ಕೇಳಬಹುದು

ಆಸೆಗೆ ಮಿತಿ ಇಲ್ಲ, ಆದರೆ ಲೆಕ್ಕಕ್ಕೆ ಇದೆ. ಬೆನಿಫಿಟ್, ಅಂದರೆ ಸರ್ಕಾರಿ ನೆರವು, ಕೊಡುವವರು ಹಾಕುವ ಲೆಕ್ಕ ಹೀಗಿದೆ. ಗಂಡ ಹೆಂಡತಿಗೆ ಒಂದು ಕೋಣೆ. 16 ತುಂಬಿದ ಬೇರೆ ಪ್ರತಿಯೊಬ್ಬರಿಗೂ ಒಂದೊಂದು. 16ಕ್ಕಿಂತ ಕಡಿಮೆ ವಯಸ್ಸಿನ ಇಬ್ಬರು ಹುಡುಗರೋ ಇಬ್ಬರು ಹುಡುಗಿಯರೋ ಇದ್ದರೆ ಇಬ್ಬರಿಗೂ ಸೇರಿ ಒಂದು. 10 ತುಂಬದ ಇಬ್ಬರು ಮಕ್ಕಳಾದರೆ ಗಂಡು ಹೆಣ್ಣು ಅಂತ ನೋಡದೆ ಒಂದೇ ಕೋಣೆ. ರಾತ್ರಿ ಉಳಿದು ನೋಡಿಕೊಳ್ಳುವ ಆರೈಕೆಯವರು ಬೇಕಿದ್ದರೆ ಅದಕ್ಕೆ ಬೇರೆ ನಿಯಮ ಇದೆ, ಒಂದು ಕೋಣೆ ಹೆಚ್ಚು ಸಿಗಬಹುದು.

ಒಂದು ಉದಾಹರಣೆ ನೋಡೋಣ. ಅಪ್ಪ, ಅಮ್ಮ, 11 ವರ್ಷದ ಮಗಳು, 8 ವರ್ಷದ ಮಗ. ಮಗಳಿಗೆ 10 ತುಂಬಿದೆ, ಮಗ ಹುಡುಗ. ಇಬ್ಬರಿಗೂ ಬೇರೆ ಬೇರೆ ಕೋಣೆ ಲೆಕ್ಕಕ್ಕೆ ಬರುತ್ತದೆ. ಅಲ್ಲಿಗೆ ಮೂರು ಕೋಣೆಯ ಮನೆ ಕೇಳುವುದು ನ್ಯಾಯವೇ. ಈಗ ಎದುರಿನವರು ಐವತ್ತೆಂಟರ ಆಸುಪಾಸಿನ ದಂಪತಿ, ಮೂರು ಕೋಣೆಯ ಮನೆಯಲ್ಲಿ ಇಬ್ಬರೇ ಇದ್ದಾರೆ, ಬಾಡಿಗೆಗೆ ಯೂನಿವರ್ಸಲ್ ಕ್ರೆಡಿಟ್ ಅನ್ನುವ ಸರ್ಕಾರಿ ನೆರವು ಬರುತ್ತದೆ ಅಂದುಕೊಳ್ಳಿ. 2013ರ ಏಪ್ರಿಲ್‌ನಲ್ಲಿ ಬಂದ ನಿಯಮದ ಪ್ರಕಾರ ಅವರ ಬಾಡಿಗೆ ನೆರವಿನಲ್ಲಿ ಕಡಿತ ಇದೆ. ಜನ ಅದನ್ನು ಬೆಡ್‌ರೂಮ್ ಟ್ಯಾಕ್ಸ್ ಅನ್ನುತ್ತಾರೆ. ಒಂದು ಕೋಣೆ ಜಾಸ್ತಿ ಇದ್ದರೆ ಬಾಡಿಗೆಯ 14 ಪರ್ಸೆಂಟ್, ಎರಡೋ ಅದಕ್ಕೂ ಹೆಚ್ಚೋ ಇದ್ದರೆ 25 ಪರ್ಸೆಂಟ್. ವಾರಕ್ಕೆ 120 ಪೌಂಡ್ ಬಾಡಿಗೆ ಅಂದರೆ ಅವರು ಕೈಯಿಂದ 30 ಪೌಂಡ್ ಹಾಕುತ್ತಿದ್ದಾರೆ. ನಿಮ್ಮ ಎರಡು ಕೋಣೆಯ ಫ್ಲಾಟಿಗೆ ಅಷ್ಟೇ ಬಾಡಿಗೆಯಿದ್ದು ಅವರು ಅಲ್ಲಿಗೆ ಬಂದರೆ ಅದು 16 ಪೌಂಡ್ 80 ಪೆನ್ಸ್‌ಗೆ ಇಳಿಯುತ್ತದೆ. ನಿಮಗೆ ಜಾಗ, ಅವರಿಗೆ ಉಳಿತಾಯ. ಇಂಥ ಜೋಡಿಯನ್ನೇ ಹುಡುಕಬೇಕು. ಪೆನ್ಷನ್ ವಯಸ್ಸು ದಾಟಿದವರಿಗೆ ಈ ಕಡಿತ ಇಲ್ಲ, ಅವರು ದೊಡ್ಡ ಮನೆ ಬಿಡಲು ಬೇರೆ ಕಾರಣ ಇರುತ್ತದೆ: ಮೆಟ್ಟಿಲು, ಹೀಟಿಂಗ್ ಬಿಲ್, ಹಿತ್ತಲಿನ ಕೆಲಸ. ಚಿಕ್ಕ ಮನೆಗೆ ಹೋಗುವವರಿಗೆ ಎಷ್ಟೋ ಕೌನ್ಸಿಲ್‌ಗಳು ಸಹಾಯಧನ ಕೊಡುತ್ತವೆ. ಅದು ಅದಲುಬದಲಿಗೂ ಅನ್ವಯಿಸುತ್ತದಾ ಅಂತ ಅವರೇ ತಮ್ಮ ಕೌನ್ಸಿಲ್ಲಿಗೆ ಕೇಳಿಕೊಳ್ಳಲಿ.

ಜೋಡಿ ಹುಡುಕುವುದು

ಹೋಮ್‌ಸ್ವಾಪರ್, ಹೌಸ್ ಎಕ್ಸ್‌ಚೇಂಜ್ ಅನ್ನುವ ತಾಣಗಳು ಹೆಚ್ಚು ಬಳಕೆಯಲ್ಲಿವೆ. ದುಡ್ಡು ಕಟ್ಟುವ ಮೊದಲು ನಿಮ್ಮ ಲ್ಯಾಂಡ್‌ಲಾರ್ಡ್‌ಗೆ ಒಂದು ಇಮೇಲ್ ಹಾಕಿ, ಅವರು ಯಾವ ತಾಣಕ್ಕೆ ಸದಸ್ಯರು ಅಂತ ಕೇಳಿ. ಬಾಡಿಗೆದಾರರಿಂದ ಶುಲ್ಕ ತೆಗೆದುಕೊಳ್ಳದೆ ಇಂಥ ಸೇವೆ ಒದಗಿಸಬೇಕು ಅನ್ನುವುದು ಸೋಶಿಯಲ್ ಹೌಸಿಂಗ್ ನಿಯಂತ್ರಕರ ಟೆನೆನ್ಸಿ ಸ್ಟ್ಯಾಂಡರ್ಡ್‌ನಲ್ಲೇ ಇದೆ. ಸುಮ್ನೆ ಜೇಬಿನಿಂದ ಕೊಡಬೇಡಿ.

ಜಾಹೀರಾತು ಬರೆಯುವಾಗ ಮನೆಯನ್ನು ಹೊಗಳುವುದಕ್ಕಿಂತ ವಿವರ ಕೊಡುವುದು ಕೆಲಸಕ್ಕೆ ಬರುತ್ತದೆ. ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ಮಲಗುವ ಕೋಣೆಗಳ ಅಳತೆ, ಹೀಟಿಂಗ್ ಗ್ಯಾಸಿನದೋ ಕರೆಂಟಿನದೋ, ಕಾರು ನಿಲ್ಲಿಸಲು ಪರ್ಮಿಟ್ ಬೇಕಾ, ನಾಯಿ ಸಾಕಬಹುದಾ, ವಾರದ ಬಾಡಿಗೆ, ಟೆನೆನ್ಸಿಯ ಬಗೆ. ಬಾಡಿಗೆಯನ್ನು ವಾರಕ್ಕೋ ತಿಂಗಳಿಗೋ ಅಂತ ಸ್ಪಷ್ಟವಾಗಿ ಬರೆಯಿರಿ, ಈ ಒಂದರಲ್ಲೇ ಎಷ್ಟೋ ಗೊಂದಲ ಆಗುತ್ತದೆ. ಫೋಟೋ ಹಗಲಲ್ಲಿ ತೆಗೆಯಿರಿ, ಪರದೆ ಸರಿಸಿ. ಬಚ್ಚಲುಮನೆಯ ಫೋಟೋ ಇಲ್ಲದ ಜಾಹೀರಾತು ನೋಡಿದರೆ ಜನಕ್ಕೆ ಅನುಮಾನ ಬರುತ್ತದೆ. ಗೋಡೆ ಮೇಲಿನ ಕುಟುಂಬದ ಫೋಟೋ, ಮಕ್ಕಳ ಶಾಲೆಯ ಸಮವಸ್ತ್ರ, ಬಾಗಿಲ ನಂಬರ್ ಕಾಣದ ಹಾಗೆ ನೋಡಿಕೊಳ್ಳಿ.

ಬೇಕಾದ ಊರನ್ನು ಒಂದೇ ಹಾಕಿದರೆ ಜೋಡಿ ಸಿಗುವುದು ಕಷ್ಟ. ಸ್ಲೌ ಬೇಕು ಅನ್ನುವವರು ರೆಡಿಂಗ್, ಮೇಡನ್‌ಹೆಡ್ ಕೂಡ ಹಾಕಿ. ಲಂಡನ್ನಿನ ಒಳಗೇ ಆದರೆ ಅಕ್ಕಪಕ್ಕದ ಬರೋಗಳನ್ನು ಸೇರಿಸಿ. ಇಬ್ಬರ ನಡುವೆಯೇ ಆಗಬೇಕು ಅಂತಲೂ ಇಲ್ಲ. ನೀವು ಅವರ ಮನೆಗೆ, ಅವರು ಮೂರನೆಯವರ ಮನೆಗೆ, ಮೂರನೆಯವರು ನಿಮ್ಮ ಮನೆಗೆ ಹೋಗುವ ಸರಪಳಿಯೂ ನಡೆಯುತ್ತದೆ. ಆದರೆ ಒಬ್ಬರು ಹಿಂದೆ ಸರಿದರೆ ಎಲ್ಲರದ್ದೂ ನಿಂತುಹೋಗುತ್ತದೆ. ನನ್ನ ಪ್ರಕಾರ ಮೂವರಿಗಿಂತ ಉದ್ದದ ಸರಪಳಿಗೆ ಕೈ ಹಾಕದಿರುವುದೇ ಒಳ್ಳೆಯದು.

ಮನೆ ನೋಡಲು ಹೋದಾಗ

ಅದಲುಬದಲಿನಲ್ಲಿ ಮನೆ ಇದ್ದದ್ದು ಇದ್ದ ಹಾಗೇ ನಿಮಗೆ ಬರುತ್ತದೆ. ಖಾಲಿ ಮನೆ ಕೊಡುವಾಗ ಕೌನ್ಸಿಲ್ ಮಾಡಿಸುವ ಬಣ್ಣ, ದುರಸ್ತಿ ಇಲ್ಲಿ ಇರುವುದಿಲ್ಲ. ಗ್ಯಾಸ್ ಮತ್ತು ಕರೆಂಟಿನ ಸುರಕ್ಷತೆ ಪರೀಕ್ಷೆ ಮಾಡಿಸುತ್ತಾರೆ, ಅಷ್ಟೇ. ಅದಕ್ಕೇ ನೋಡುವಾಗ ಸಂಕೋಚ ಬಿಡಿ. ನಮ್ಮ ಜನಕ್ಕೆ ಇನ್ನೊಬ್ಬರ ಮನೆಯ ಕಪಾಟು ತೆರೆಯುವುದು ಅಂದರೆ ಮುಜುಗರ. ಟೀ ಕೊಟ್ಟರೆ ಕುಡಿದು, ಚೆನ್ನಾಗಿದೆ ಅಂತ ಹೇಳಿ ಬಂದುಬಿಡುತ್ತಾರೆ. ಹಾಗೆ ಮಾಡಬೇಡಿ, ಅನುಮತಿ ಕೇಳಿ ತೆರೆದು ನೋಡಿ.

ಹೊರಗೋಡೆಗೆ ತಾಗಿಸಿ ಇಟ್ಟಿರುವ ಬೀರುವಿನ ಹಿಂದೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಕಪ್ಪು ಬೂಷ್ಟು ಮೊದಲು ಹಿಡಿಯುವುದೇ ಅಲ್ಲಿ. ಆಮೇಲೆ ಕಿಟಕಿಯ ಕೆಳಮೂಲೆ, ಬಚ್ಚಲಿನ ಚಾವಣಿ. ಹೊಸದಾಗಿ ಬಣ್ಣ ಬಳಿದ ಒಂದೇ ಒಂದು ಗೋಡೆ ಇದ್ದರೆ ಯಾಕೆ ಅಂತ ಕೇಳಿ. ಕೋಣೆಗೆ ಕಾಲಿಟ್ಟ ತಕ್ಷಣ ಒದ್ದೆ ಬಟ್ಟೆಯ ವಾಸನೆ ಬಂದರೆ ಮೂಗನ್ನು ನಂಬಿ. ಇದು ಚಿಕ್ಕ ವಿಷಯ ಅಲ್ಲ. 2020ರ ಡಿಸೆಂಬರ್‌ನಲ್ಲಿ ರಾಚ್‌ಡೇಲ್‌ನ ಹೌಸಿಂಗ್ ಅಸೋಸಿಯೇಷನ್ ಫ್ಲಾಟೊಂದರಲ್ಲಿ ಬೂಷ್ಟಿನಿಂದಾಗಿ ಅವಾಬ್ ಇಶಾಕ್ ಅನ್ನುವ ಎರಡು ವರ್ಷದ ಮಗು ತೀರಿಕೊಂಡಿತು. ಆ ಮಗುವಿನ ಹೆಸರಿನಲ್ಲೇ ಕಾನೂನು ಬಂದು, 2025ರ ಅಕ್ಟೋಬರ್ 27ರಿಂದ ಇಂಗ್ಲೆಂಡಿನಲ್ಲಿ ಜಾರಿಯಲ್ಲಿದೆ. ಜೀವಕ್ಕೆ ತಕ್ಷಣದ ಅಪಾಯ ಇದ್ದರೆ ಸೋಶಿಯಲ್ ಲ್ಯಾಂಡ್‌ಲಾರ್ಡ್ 24 ಗಂಟೆಯೊಳಗೆ ಕ್ರಮ ತೆಗೆದುಕೊಳ್ಳಬೇಕು. ಗಂಭೀರವಾದ ತೇವ, ಬೂಷ್ಟಿನ ದೂರು ಬಂದರೆ 10 ಕೆಲಸದ ದಿನಗಳಲ್ಲಿ ತನಿಖೆ ಮಾಡಬೇಕು. ಈ ರಕ್ಷಣೆ ಅದಲುಬದಲಾದ ಮೇಲೂ ನಿಮಗಿರುತ್ತದೆ. ಆದರೂ ಎಳೆ ಮಕ್ಕಳಿರುವ ಮನೆಯವರು, ಆಮೇಲೆ ಸರಿಮಾಡಿಸೋಣ ಅಂತ ತೇವದ ಮನೆ ಒಪ್ಪಿಕೊಳ್ಳಬೇಡಿ.

ಬಿಸಿನೀರಿನ ನಲ್ಲಿ ತಿರುಗಿಸಿ, ಎಷ್ಟು ಹೊತ್ತಿಗೆ ಬಿಸಿ ಬರುತ್ತದೆ ನೋಡಿ. ರೇಡಿಯೇಟರ್ ಒಂದೊಂದನ್ನೂ ಮುಟ್ಟಿ. ಒಲೆ ಗ್ಯಾಸಿನದಾ ಕರೆಂಟಿನದಾ ಕೇಳಿ. ಜೋಳದ ರೊಟ್ಟಿ ಬೆಂಕಿಯ ಮೇಲೇ ಸುಡಬೇಕು ಅನ್ನುವ ಮನೆಯವರಿಗೆ ಇದು ದೊಡ್ಡ ಪ್ರಶ್ನೆ, ಗ್ಯಾಸಿನ ಸಂಪರ್ಕವೇ ಇಲ್ಲದ ಫ್ಲಾಟುಗಳು ಎಷ್ಟೋ ಇವೆ. ವಾಷಿಂಗ್ ಮಷೀನಿಗೆ ಜಾಗ ಎಲ್ಲಿ, ನಿಮ್ಮ ಮಷೀನ್ ಅಲ್ಲಿ ಕೂರುತ್ತದಾ ಅಂತ ಟೇಪ್ ಹಿಡಿದು ಅಳೆಯಿರಿ.

ಇನ್ನೊಂದು ಕಣ್ತಪ್ಪುವ ವಿಷಯ. ಈಗ ಇರುವವರು ತಾವೇ ಹಾಕಿಸಿದ ಲ್ಯಾಮಿನೇಟ್ ನೆಲ, ಶೆಡ್ಡು, ಹಿತ್ತಲಿನ ಮರದ ಡೆಕ್ಕು, ಗೋಡೆ ಒಡೆದು ಮಾಡಿದ ಕಮಾನು, ಇವೆಲ್ಲ ನಿಮ್ಮ ತಲೆಗೆ ಬರುತ್ತವೆ. ಅವಕ್ಕೆ ಲ್ಯಾಂಡ್‌ಲಾರ್ಡ್ ಒಪ್ಪಿಗೆ ಇತ್ತಾ ಅಂತ ಕೇಳಿ. ಇಲ್ಲದಿದ್ದರೆ ಮುಂದೊಂದು ದಿನ ತೆಗೆಸುವ ಖರ್ಚು ನಿಮ್ಮದಾಗಬಹುದು. ಮನೆಯ ಗೋಡೆ, ಚಾವಣಿ, ಕೊಳಾಯಿ, ಹೀಟಿಂಗ್ ದುರಸ್ತಿಯ ಹೊಣೆ ಮಾತ್ರ ಎಂದಿಗೂ ಲ್ಯಾಂಡ್‌ಲಾರ್ಡ್‌ನದೇ. 'ಇದ್ದ ಹಾಗೇ ಒಪ್ಪಿದ್ದೇನೆ' ಅಂತ ನೀವು ಸಹಿ ಹಾಕಿದರೂ ಆ ಹೊಣೆ ಹೋಗುವುದಿಲ್ಲ.

ಎರಡು ಸಲ ಹೋಗಿ ನೋಡಿ. ಒಂದು ಸಲ ಹಗಲು, ಇನ್ನೊಂದು ಸಲ ಶುಕ್ರವಾರವೋ ಶನಿವಾರವೋ ರಾತ್ರಿ. ಒಳಗೆ ಹೋಗಲೇಬೇಕು ಅಂತಿಲ್ಲ. ಬೀದಿಯಲ್ಲಿ ಅರ್ಧ ಗಂಟೆ ನಿಂತರೆ ಪಕ್ಕದ ಮನೆಯ ಸದ್ದು, ಲಿಫ್ಟಿನ ಸ್ಥಿತಿ, ಬಸ್ಸಿನ ಓಡಾಟ ತಿಳಿಯುತ್ತದೆ. ಅಕ್ಕಪಕ್ಕದವರ ಬಗ್ಗೆ ಕೇಳಿ, ಮನೆಯವರನ್ನೇ ನೇರವಾಗಿ ಇದನ್ನೂ ಕೇಳಿ: "ನೀವು ಯಾಕೆ ಬಿಡುತ್ತಿದ್ದೀರಿ?" ಇದಕ್ಕೆ ಉತ್ತರ ತಡವರಿಸಿದರೆ ಯೋಚನೆ ಮಾಡಿ.

ಅವರ ಕರಾರು ಓದುವುದು

ಸಾಮಾನ್ಯ ರೀತಿಯಲ್ಲಿ ಅದಲುಬದಲು ಅಂದರೆ, ನೀವು ಎದುರಿನವರ ಟೆನೆನ್ಸಿಯೊಳಗೆ ಕಾಲಿಡುತ್ತೀರಿ, ಅವರು ನಿಮ್ಮದರೊಳಗೆ. ಇದಕ್ಕೆ ಡೀಡ್ ಆಫ್ ಅಸೈನ್‌ಮೆಂಟ್ ಅನ್ನುವ ಪತ್ರ. ಅವರ ಬಾಡಿಗೆ ನಿಮ್ಮ ಬಾಡಿಗೆಯಾಗುತ್ತದೆ. ಅವರ ಷರತ್ತು ನಿಮ್ಮ ಷರತ್ತು. ಅವರ ಕಾನೂನಿನ ಸ್ಥಾನವೇ ನಿಮ್ಮ ಸ್ಥಾನ. ನೀವು ಇಪ್ಪತ್ತು ವರ್ಷದಿಂದ ಕೌನ್ಸಿಲ್‌ನ ಸೆಕ್ಯೂರ್ ಟೆನೆಂಟ್ ಆಗಿದ್ದು, ಹೌಸಿಂಗ್ ಅಸೋಸಿಯೇಷನ್‌ನ ಅಶ್ಯೂರ್ಡ್ ಟೆನೆಂಟ್ ಜೊತೆ ಹೀಗೆ ಬದಲಿಸಿದರೆ ಇನ್ನು ಮುಂದೆ ನೀವು ಅಶ್ಯೂರ್ಡ್. ಅದರ ಜೊತೆಗೇ ರೈಟ್ ಟು ಬೈ, ಅಂದರೆ ರಿಯಾಯಿತಿಯಲ್ಲಿ ಮನೆ ಕೊಳ್ಳುವ ಹಕ್ಕು ಕೈಬಿಟ್ಟುಹೋಗಬಹುದು. 2024ರ ನವೆಂಬರ್ 21ರಿಂದ ಆ ರಿಯಾಯಿತಿಯನ್ನೇ ಬಹಳ ಇಳಿಸಿದ್ದಾರೆ. ಈಗ ಪ್ರದೇಶ ನೋಡಿಕೊಂಡು ಗರಿಷ್ಠ 16,000ದಿಂದ 38,000 ಪೌಂಡ್. ಆದರೂ ಮನೆ ಕೊಳ್ಳುವ ಯೋಚನೆ ಇರುವವರು ಈ ಹಕ್ಕು ಉಳಿಯುತ್ತದಾ ಅಂತ ಲ್ಯಾಂಡ್‌ಲಾರ್ಡ್‌ನಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಫೋನಿನಲ್ಲಿ "ಇರುತ್ತೆ" ಅಂದದ್ದು ಲೆಕ್ಕಕ್ಕಿಲ್ಲ.

ಬಾಡಿಗೆಯ ಬಗೆ ಕೂಡ ನೋಡಿ. ಸೋಶಿಯಲ್ ರೆಂಟ್ ಮಾರುಕಟ್ಟೆ ದರಕ್ಕಿಂತ ಬಹಳ ಕಡಿಮೆ ಇರುತ್ತದೆ. 2011ರಲ್ಲಿ ಶುರುವಾದ ಅಫೋರ್ಡಬಲ್ ರೆಂಟ್ ಮಾರುಕಟ್ಟೆ ದರದ 80 ಪರ್ಸೆಂಟ್ ತನಕ ಹೋಗಬಹುದು. ಹೆಸರು ಕೇಳಿ ಮೋಸಹೋಗಬೇಡಿ. ಲಂಡನ್ನಿನಲ್ಲಿ ಎರಡೂ ನಡುವಿನ ಅಂತರ ಮನೆಯ ಬಜೆಟ್ಟನ್ನೇ ಅಲ್ಲಾಡಿಸುತ್ತದೆ.

ಎದುರಿನವರದ್ದು ಐದು ವರ್ಷದಂಥ ಅವಧಿಯ ಟೆನೆನ್ಸಿ, ನಿಮ್ಮದು ಜೀವನಪೂರ್ತಿಯದು ಆಗಿದ್ದರೆ ಇನ್ನೂ ಎಚ್ಚರ ಬೇಕು. 2011ರ ಲೋಕಲಿಸಂ ಆಕ್ಟ್ ಇಂಥ ಕಡೆ ಒಂದು ರಕ್ಷಣೆ ಕೊಡುತ್ತದೆ. ನಿಮ್ಮ ಟೆನೆನ್ಸಿ 2012ರ ಏಪ್ರಿಲ್ 1ಕ್ಕೂ ಮೊದಲಿನದಾದರೆ, ಇಬ್ಬರೂ ಹಳೆಯದನ್ನು ಬಿಟ್ಟುಕೊಟ್ಟು ಹೊಸ ಟೆನೆನ್ಸಿ ಪಡೆಯುತ್ತೀರಿ, ನಿಮ್ಮ ಭದ್ರತೆ ಉಳಿಯುತ್ತದೆ. ಆದರೆ ನೀವು ಹೋಗುವ ಮನೆ ಅಫೋರ್ಡಬಲ್ ರೆಂಟ್‌ನದಾದರೆ ಈ ರಕ್ಷಣೆ ಇಲ್ಲ. ಹೆಚ್ಚು ಜನ ಎಡವುವುದು ಇಲ್ಲೇ. ಲ್ಯಾಂಡ್‌ಲಾರ್ಡ್‌ಗೆ ಈ ಪ್ರಶ್ನೆ ಇಮೇಲ್ ಮಾಡಿ: "ಬದಲಾದ ಮೇಲೆ ನನ್ನ ಟೆನೆನ್ಸಿ ಯಾವುದು, ಅಸೈನ್‌ಮೆಂಟಾ ಅಥವಾ ಹೊಸ ಟೆನೆನ್ಸಿಯಾ, ಬಾಡಿಗೆ ಎಷ್ಟು, ನನ್ನ ಯಾವ ಹಕ್ಕು ಹೋಗುತ್ತದೆ?" ಉತ್ತರ ಅರ್ಥವಾಗದಿದ್ದರೆ ಸಿಟಿಜನ್ಸ್ ಅಡ್ವೈಸ್ ಅಥವಾ ಶೆಲ್ಟರ್ ಸಂಸ್ಥೆಯವರಿಗೆ ತೋರಿಸಿ. ಇಬ್ಬರೂ ಉಚಿತವಾಗಿ ಸಲಹೆ ಕೊಡುತ್ತಾರೆ.

ತಂದೆಯೋ ತಾಯಿಯೋ ತೀರಿಕೊಂಡ ಮೇಲೆ ಟೆನೆನ್ಸಿ ನಿಮ್ಮ ಹೆಸರಿಗೆ ಬಂದಿದ್ದರೆ ಒಂದು ವಿಷಯ ನೆನಪಿಡಿ. ಆ ವಾರಸುದಾರ ಸ್ಥಾನ ನಿಮ್ಮ ಜೊತೆಯೇ ಹೊಸ ಮನೆಗೂ ಬರುತ್ತದೆ. ಮನೆ ಬದಲಿಸಿದರೆ ಮಕ್ಕಳಿಗೆ ಮತ್ತೊಮ್ಮೆ ವರ್ಗಾಯಿಸುವ ಅವಕಾಶ ಹುಟ್ಟಿಕೊಳ್ಳುತ್ತದೆ ಅನ್ನುವುದು ತಪ್ಪು ನಂಬಿಕೆ.

ಅರ್ಜಿ ಮತ್ತು 42 ದಿನ

ಎಲ್ಲಾ ಸರಿ ಅನ್ನಿಸಿದರೆ ಇಬ್ಬರೂ ತಮ್ಮ ತಮ್ಮ ಲ್ಯಾಂಡ್‌ಲಾರ್ಡ್‌ಗೆ ಅರ್ಜಿ ಹಾಕಬೇಕು. ಇಬ್ಬರದ್ದೂ ಒಬ್ಬರೇ ಲ್ಯಾಂಡ್‌ಲಾರ್ಡ್ ಆದರೆ ಕೆಲಸ ಹಗುರ. ಬೇರೆ ಬೇರೆಯಾದರೆ ಇಬ್ಬರ ಒಪ್ಪಿಗೆಯೂ ಬೇಕು. ಅರ್ಜಿಯಲ್ಲಿ ಮನೆಯಲ್ಲಿ ಯಾರ್ಯಾರು ಇರುತ್ತಾರೆ ಅಂತ ನಿಜ ಬರೆಯಿರಿ. ಊರಿಂದ ಬಂದು ಹೋಗುವ ಅತ್ತೆ ಮಾವನನ್ನು ಖಾಯಂ ಸದಸ್ಯರು ಅಂತ ತೋರಿಸಿ ಒಂದು ಕೋಣೆ ಹೆಚ್ಚಿಗೆ ಗಿಟ್ಟಿಸುವ ಐಡಿಯಾ ಕೊಡುವವರು ಸಿಗುತ್ತಾರೆ. ಕೇಳಬೇಡಿ. ಸುಳ್ಳು ಹೇಳಿ ಪಡೆದ ಟೆನೆನ್ಸಿ ಕೈತಪ್ಪಬಹುದು.

ಅರ್ಜಿ ಕೊಟ್ಟ ತಾರೀಖು ಕ್ಯಾಲೆಂಡರಿನಲ್ಲಿ ಬರೆದಿಡಿ. ಸೆಕ್ಯೂರ್ ಟೆನೆನ್ಸಿ ಆದರೆ 42 ದಿನದೊಳಗೆ, ಅಂದರೆ ಆರು ವಾರದಲ್ಲಿ ಉತ್ತರ ಬರಬೇಕು. ಆ ಅವಧಿಯಲ್ಲಿ ಅಧಿಕಾರಿ ನಿಮ್ಮ ಮನೆಗೆ ಬಂದು ನೋಡುತ್ತಾರೆ. ಬಾಗಿಲು ಒಡೆದಿದ್ದರೆ, ನೀವು ಹಾನಿ ಮಾಡಿದ್ದರೆ ಸರಿಮಾಡಿಸಿ ಅನ್ನಬಹುದು. ಆರು ವಾರ ಕಳೆದರೂ ಸುದ್ದಿ ಇಲ್ಲದಿದ್ದರೆ ಲ್ಯಾಂಡ್‌ಲಾರ್ಡ್ ಆಮೇಲೆ ಕಾನೂನಿನ ಆ ಕಾರಣಗಳನ್ನು ಮುಂದಿಟ್ಟು ಬೇಡ ಅನ್ನುವ ಹಾಗಿಲ್ಲ. ಹಾಗಂತ ಒಪ್ಪಿಗೆ ತಾನಾಗಿಯೇ ಸಿಕ್ಕಿತು ಅಂತಲೂ ಅಲ್ಲ. ಸಾಮಾನು ಕಟ್ಟಿ ಹೊರಟುಬಿಡಬೇಡಿ, ಲಿಖಿತ ಒಪ್ಪಿಗೆ ಕೈಗೆ ಬರಲೇಬೇಕು.

ಬೇಡ ಅನ್ನಲು ಸಾಮಾನ್ಯವಾಗಿ ಬರುವ ಕಾರಣಗಳು ಇವು. ಮನೆ ಬರುವವರಿಗೆ ಬಹಳ ದೊಡ್ಡದು. ಅಥವಾ ತೀರಾ ಚಿಕ್ಕದು. ಇಬ್ಬರಲ್ಲಿ ಒಬ್ಬರ ಮೇಲೆ ಮನೆ ಖಾಲಿ ಮಾಡಿಸುವ ನೋಟಿಸೋ ಕೋರ್ಟ್ ಆದೇಶವೋ ಇದೆ. ಸಮಾಜಘಾತುಕ ನಡವಳಿಕೆಯ ಪ್ರಕರಣ ಇದೆ. ಅಂಗವಿಕಲರಿಗೆಂದೇ ಮಾರ್ಪಡಿಸಿದ ಮನೆ, ಬರುವವರಲ್ಲಿ ಅಂಥವರು ಯಾರೂ ಇಲ್ಲ. ಕೆಲಸದ ಜೊತೆ ಕೊಟ್ಟ ಮನೆ. ಒಂದು ಕೋಣೆ ಜಾಸ್ತಿ ಇದ್ದರೆ ಎಷ್ಟೋ ಲ್ಯಾಂಡ್‌ಲಾರ್ಡ್‌ಗಳು ತಲೆಕೆಡಿಸಿಕೊಳ್ಳುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಪ್ರಶ್ನೆ ಏಳುತ್ತದೆ. ನಿಮ್ಮ ಲ್ಯಾಂಡ್‌ಲಾರ್ಡ್‌ನ ನೀತಿ ಏನು ಅಂತ ಹುಡುಕುವ ಮೊದಲೇ ಕೇಳಿಕೊಂಡರೆ ಶ್ರಮ ಉಳಿಯುತ್ತದೆ.

ನಿರಾಕರಣೆ ಬಂದರೆ ಯಾವ ಕಾರಣದ ಮೇಲೆ ಅಂತ ಬರವಣಿಗೆಯಲ್ಲಿ ಕೇಳಿ. ಅನ್ಯಾಯ ಅನ್ನಿಸಿದರೆ ಲ್ಯಾಂಡ್‌ಲಾರ್ಡ್‌ನ ದೂರು ವಿಭಾಗಕ್ಕೆ ಬರೆಯಿರಿ. ದೂರು ದಾಖಲಾದ ಮೇಲೆ ಮೊದಲ ಹಂತದ ಉತ್ತರಕ್ಕೆ 10 ಕೆಲಸದ ದಿನ, ಎರಡನೇ ಹಂತಕ್ಕೆ 20 ಕೆಲಸದ ದಿನ. ಅಲ್ಲೂ ಆಗದಿದ್ದರೆ ಇಂಥ ದೂರುಗಳನ್ನು ವಿಚಾರಿಸುವ ಹೌಸಿಂಗ್ ಓಂಬುಡ್ಸ್‌ಮನ್ ಇದ್ದಾರೆ, ಅವರಿಗೆ ದೂರು ಕೊಡಲು ದುಡ್ಡು ಕಟ್ಟಬೇಕಿಲ್ಲ. ಕೌಂಟಿ ಕೋರ್ಟಿನ ದಾರಿಯೂ ಇದೆ. ಆದರೆ ಅದಕ್ಕೆ ಮೊದಲು ಕಾನೂನು ಸಲಹೆ ತೆಗೆದುಕೊಳ್ಳಿ.

ದುಡ್ಡಿನ ಮಾತು ಬಂದರೆ

"ನನ್ನ ಮನೆ ಒಳ್ಳೆ ಏರಿಯಾದಲ್ಲಿದೆ, ಮೇಲೆ ಎರಡು ಸಾವಿರ ಕೊಡಿ" ಅನ್ನುವವರು ಸಿಗಬಹುದು. ಕೊಡಲೂಬೇಡಿ, ಕೇಳಲೂಬೇಡಿ. ಅದಲುಬದಲಿಗೆ ಅಂತ ದುಡ್ಡು ಕೈ ಬದಲಾಯಿಸಿದರೆ ಕೌನ್ಸಿಲ್ ನಿಮ್ಮನ್ನು ಮನೆಯಿಂದ ಬಿಡಿಸಲು ಅದೇ ಕಾರಣ ಸಾಕು, 1985ರ ಕಾನೂನಿನಲ್ಲೇ ಬರೆದಿದೆ. ಲಿಖಿತ ಒಪ್ಪಿಗೆ ಇಲ್ಲದೆ ಕೀ ಬದಲಾಯಿಸಿಕೊಂಡರೂ ಅಷ್ಟೇ, ಇಬ್ಬರೂ ಎರಡೂ ಮನೆ ಕಳೆದುಕೊಳ್ಳುವ ಅಪಾಯ ಇದೆ.

ಸಹಿ, ಸಾಗಣೆ, ಮೊದಲ ವಾರ

ಸಹಿಯ ದಿನ ಗೊತ್ತಾಗುವ ತನಕ ವ್ಯಾನ್ ಬುಕ್ ಮಾಡಬೇಡಿ, ಶಾಲೆಗೆ ಬಿಡುವ ಪತ್ರ ಕೊಡಬೇಡಿ. ಸಹಿ ಆಗುವ ಮುಂಚೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಸಹಿ ಆದ ಮೇಲೆ ಮನಸ್ಸು ಬದಲಾಯಿತು ಅಂದರೆ ವಾಪಸ್ ದಾರಿ ಇಲ್ಲ. ಸಹಿಗೆ ಮುಂಚೆ ಡೀಡ್‌ನಲ್ಲಿರುವ ಬಾಡಿಗೆಯನ್ನೂ ಟೆನೆನ್ಸಿಯ ಬಗೆಯನ್ನೂ ನಿಮಗೆ ಇಮೇಲ್‌ನಲ್ಲಿ ಹೇಳಿದ್ದರ ಜೊತೆ ಹೋಲಿಸಿ ನೋಡಿ. ಎದುರಿನವರು ಏನು ಬಿಟ್ಟುಹೋಗುತ್ತಾರೆ, ಏನು ತೆಗೆದುಕೊಂಡು ಹೋಗುತ್ತಾರೆ ಅಂತ ಒಂದು ಚೀಟಿ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ. ಕರ್ಟನ್ ರಾಡು, ಕಾರ್ಪೆಟ್, ಒಲೆ. ಜಗಳ ಹುಟ್ಟುವುದು ಇಂಥ ಸಣ್ಣ ಸಾಮಾನಿನ ಮೇಲೇ.

ಸಾಗಿಸುವ ದಿನ ಎರಡೂ ಮನೆಯ ಮೀಟರ್ ಫೋಟೋ ತೆಗೆಯಿರಿ. ಹೊಸ ಮನೆಯಲ್ಲಿ ಕೀ ಅಥವಾ ಕಾರ್ಡ್ ಹಾಕಿ ತುಂಬಿಸುವ ಪ್ರೀಪೇಮೆಂಟ್ ಮೀಟರ್ ಇದ್ದರೆ, ಹಳಬರ ಕೀಯಲ್ಲಿ ದುಡ್ಡು ತುಂಬಿಸುವ ಮೊದಲು ಕಂಪನಿಗೆ ಫೋನ್ ಮಾಡಿ. ಅವರ ಹಳೆಯ ಸಾಲ ಆ ಮೀಟರಿನಲ್ಲೇ ಕೂತಿದ್ದರೆ ನೀವು ಹಾಕಿದ ದುಡ್ಡು ಅದಕ್ಕೇ ಹೋಗುತ್ತದೆ.

ಯೂನಿವರ್ಸಲ್ ಕ್ರೆಡಿಟ್ ಬರುವವರು ಹೊಸ ವಿಳಾಸ, ಹೊಸ ಬಾಡಿಗೆಯನ್ನು ಅದೇ ದಿನ ತಮ್ಮ ಆನ್‌ಲೈನ್ ಖಾತೆಯ ಜರ್ನಲ್‌ನಲ್ಲಿ ತಿಳಿಸಿ. ತಡಮಾಡಿದರೆ ಬಾಡಿಗೆ ಬಾಕಿ ಅಲ್ಲಿಂದಲೇ ಶುರುವಾಗುತ್ತದೆ. ಬೇರೆ ಕೌನ್ಸಿಲ್‌ನ ವ್ಯಾಪ್ತಿಗೆ ಹೋದರೆ ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿಗೆ ಹೊಸದಾಗಿ ಅರ್ಜಿ ಹಾಕಬೇಕು. ಟ್ಯಾಕ್ಸಿನ ಬ್ಯಾಂಡ್ ಎ ಇಂದ ಎಚ್ ತನಕ ಇರುತ್ತದೆ, ಪೋಸ್ಟ್‌ಕೋಡ್ ಹಾಕಿ ಸರ್ಕಾರದ ತಾಣದಲ್ಲಿ ಮೊದಲೇ ನೋಡಿಕೊಳ್ಳಬಹುದು. ಜಿಪಿ, ಶಾಲೆ, ಬ್ಯಾಂಕು, ಮತದಾರರ ಪಟ್ಟಿ, ಡ್ರೈವಿಂಗ್ ಲೈಸೆನ್ಸ್ ವಿಳಾಸಗಳೂ ಬದಲಾಗಬೇಕು. ಶಾಲೆಯಲ್ಲಿ ವರ್ಷದ ಮಧ್ಯೆ ಸೀಟು ಸಿಗುತ್ತದಾ ಅಂತ ಆ ಊರಿನ ಕೌನ್ಸಿಲ್‌ಗೆ ಅರ್ಜಿಯ ಹಂತದಲ್ಲೇ ಕೇಳಿಟ್ಟುಕೊಳ್ಳಿ.

ಸ್ಕಾಟ್ಲೆಂಡ್‌ನಲ್ಲಿ ಇರುವವರಿಗೆ ಕಾನೂನು ಬೇರೆ. ಅಲ್ಲಿ ಲ್ಯಾಂಡ್‌ಲಾರ್ಡ್ ಒಂದು ತಿಂಗಳಲ್ಲಿ ಉತ್ತರ ಕೊಡದಿದ್ದರೆ ಒಪ್ಪಿದ ಹಾಗೇ ಲೆಕ್ಕ. ವೇಲ್ಸ್‌ನಲ್ಲಿ 2022ರ ಡಿಸೆಂಬರ್ 1ರಿಂದ ಬಾಡಿಗೆಯ ಕಾನೂನೇ ಹೊಸದು, ಟೆನೆನ್ಸಿಯ ಹೆಸರುಗಳೂ ಬದಲಾಗಿವೆ. ಆ ಎರಡು ಕಡೆ ರೈಟ್ ಟು ಬೈ ಈಗ ಇಲ್ಲವೇ ಇಲ್ಲ. ಹಾಗಾಗಿ ಇಂಗ್ಲೆಂಡ್ ಬಿಟ್ಟು ಅಲ್ಲಿಗೆ ಹೋಗುವ ಯೋಚನೆ ಇದ್ದರೆ ಎರಡೂ ಕಡೆಯ ಲ್ಯಾಂಡ್‌ಲಾರ್ಡ್‌ಗಳನ್ನು ಕೇಳಿಯೇ ಮುಂದುವರಿಯಿರಿ.

ಹೊಸ ಮನೆ ಸೇರಿದ ಮೊದಲ ವಾರದಲ್ಲೇ ಕೋಣೆ ಕೋಣೆ ಸುತ್ತಿ ದುರಸ್ತಿ ಬೇಕಾದದ್ದರ ಪಟ್ಟಿ ಮಾಡಿ. ಫೋಟೋ ಸಮೇತ ಲ್ಯಾಂಡ್‌ಲಾರ್ಡ್‌ಗೆ ಕಳಿಸಿ, ಅವರು ಕೊಡುವ ದೂರಿನ ನಂಬರನ್ನು ಟೆನೆನ್ಸಿ ಪತ್ರದ ಜೊತೆ ಅದೇ ಫೈಲಿನಲ್ಲಿ ಇಟ್ಟುಕೊಳ್ಳಿ.